ಸೂರ್ಯ ಸರಿದರೂ ಸರಿಯದ ನೆರಳು

ನಾನು ಕಂಪ್ಯೂಟರಿನಲ್ಲಿ ಮಾಡಿದ ವಿಮಾನದ ಬಲ ಮಗ್ಗುಲಲ್ಲಿ, ರೆಕ್ಕೆಯ ಹಿಂದೆ, ಒಂದು ಬೂದು ಕಲೆ ಇತ್ತು. ಮೊರದಗಲದ್ದು. ಎಣ್ಣೆ ಸೋರಿ ಹಿಡಿದ ಕೊಳೆ ಅಂದುಕೊಂಡಿದ್ದೆ. ಹಳೆಯ ಯುದ್ಧವಿಮಾನ ಅಂದಮೇಲೆ ಇಷ್ಟು ಕೊಳೆ ಇರಬೇಕು, ಇದ್ದರೇ ಚೆಂದ ಅಂತ ಅದನ್ನು ಹಾಗೇ ಬಿಟ್ಟಿದ್ದೆ. ಎಂಟು ತಿಂಗಳು ಆ ಕಲೆಯನ್ನು ದಿನಾ ನೋಡಿದ್ದೇನೆ. ಅದು ಒಬ್ಬ ಮನುಷ್ಯನ ನೆರಳು ಅಂತ ಒಂದು ದಿನವೂ ಹೊಳೆಯಲಿಲ್ಲ.

ಆ ಮನುಷ್ಯನೇ ಪತ್ರ ಬರೆದು ತಿಳಿಸಬೇಕಾಯಿತು.

ನಾನಿರುವುದು ಮೂರ್ನಾಡಿನ ಹತ್ತಿರ. ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ, ರೈಲೂ ಇಲ್ಲ. ವಿಮಾನ ಅಂದರೆ ನಮಗೆ ಮೋಡದ ಮೇಲೆ ಕೇಳುವ ಸದ್ದು, ಅಷ್ಟೇ. ಆದರೆ ಸೇನೆಯ ಕತೆ ಇಲ್ಲದ ಮನೆ ಇಲ್ಲಿ ಸಿಗುವುದು ಕಷ್ಟ. ನಾನು ಚಿಕ್ಕವನಿದ್ದಾಗಿನಿಂದ ಕೇಳಿದ ಕತೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರದ್ದು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟೇರ್ ಅನ್ನುವ ಫ್ರಾನ್ಸಿನ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರು ಆ ದಿನ ಕಾಯ್ದಿರಿಸಿದ ಪೈಲಟ್. ಯಾರಾದರೂ ಹಿಂದೆ ಉಳಿದರೆ ಮಾತ್ರ ಅವರು ಹೋಗಬೇಕಿತ್ತು, ಹೋದರು. ವಾಪಸ್ ಬರುವಾಗ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಎದುರಾಯಿತು. ಶಬ್ದದ ವೇಗದ ಎರಡು ಪಟ್ಟು ಹಾರಬಲ್ಲ ವಿಮಾನ ಅದು. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ. ಆದರೂ ದೇವಯ್ಯನವರು ತಿರುಗಿ ನಿಂತು ಅದನ್ನು ಹೊಡೆದುರುಳಿಸಿದರು. ಆ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ಇವರು ಬರಲಿಲ್ಲ. ಅಲ್ಲಿ ನಡೆದದ್ದೇನು ಅಂತ ನಮ್ಮ ಕಡೆಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕದಿಂದ ಸುದ್ದಿ ಹೊರಬಿತ್ತು. 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. 23 ವರ್ಷ ಆದಮೇಲೆ.

ಆ ವಿಮಾನವನ್ನು ಒಮ್ಮೆಯಾದರೂ ಹಾರಿಸಬೇಕು ಅಂತ ನನಗೆ ಆಸೆ. ನಿಜವಾಗಿ ಹಾರಿಸುವ ಮಾತಿಲ್ಲ. ಕಂಪ್ಯೂಟರಿನಲ್ಲಿ.

ಫ್ಲೈಟ್ ಸಿಮ್ಯುಲೇಟರ್ ಗೊತ್ತಿಲ್ಲದವರಿಗೆ ಎರಡು ಮಾತು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಎಕ್ಸ್-ಪ್ಲೇನ್, ಫ್ಲೈಟ್‌ಗಿಯರ್ ಇವು ಹೆಸರಾದವು. ಇವುಗಳ ಜೊತೆ ಒಂದಷ್ಟು ವಿಮಾನ ಬರುತ್ತವೆ. ಉಳಿದದ್ದನ್ನೆಲ್ಲ ಹವ್ಯಾಸಿಗಳು, ಸಣ್ಣ ಕಂಪನಿಗಳು ಮಾಡಿ ಸೇರಿಸುತ್ತಾರೆ. ಅದಕ್ಕೆ ಆ್ಯಡ್-ಆನ್ ಅನ್ನುತ್ತಾರೆ. ಕೆಲವು ದುಡ್ಡಿಗೆ, ಕೆಲವು ಸುಮ್ನೆ. ನಾನು ಎಕ್ಸ್-ಪ್ಲೇನ್ ಬಳಸುವವನು. ನನಗೆ ಬೇಕಾದ ಹಾಗೆ ಭಾರತೀಯ ವಾಯುಪಡೆಯ ಗುರುತು ಹೊತ್ತ ಮಿಸ್ಟೇರ್ ಸಿಗಲಿಲ್ಲ. ಸರಿ, ನಾನೇ ಮಾಡುತ್ತೇನೆ ಅಂತ ಕೂತೆ.

ಎರಡು ಮಳೆಗಾಲ ಹಿಡಿಯಿತು. ಕಕ್ಕಡದ ಮಳೆಯಲ್ಲಿ ತೋಟದ ಕೆಲಸ ಕಮ್ಮಿ, ಕರೆಂಟೂ ಕಮ್ಮಿ. ಕರೆಂಟ್ ಇದ್ದಷ್ಟು ಹೊತ್ತು ಕೂರುವುದು, ಹೋದಾಗ ಕಾಗದದ ಮೇಲೆ ಲೆಕ್ಕ ಹಾಕುವುದು. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 11 ಮೀಟರ್, ವಿಮಾನದ ಉದ್ದ ಸುಮಾರು 13 ಮೀಟರ್, ರೆಕ್ಕೆ ಹಿಂದಕ್ಕೆ ಬಾಗಿದ ಕೋನ, ತೂಕ, ಎಂಜಿನ್ನಿನ ಶಕ್ತಿ. ಇದೆಲ್ಲ ಪ್ಲೇನ್ ಮೇಕರ್ ಅನ್ನುವ ತಂತ್ರಾಂಶಕ್ಕೆ ಹೋಗುತ್ತದೆ. ಎಕ್ಸ್-ಪ್ಲೇನ್ ರೆಕ್ಕೆಯನ್ನು ತುಂಡು ತುಂಡಾಗಿ ನೋಡಿ, ಒಂದೊಂದು ತುಂಡಿನ ಮೇಲೆ ಗಾಳಿ ಎಷ್ಟು ಬಲ ಹಾಕುತ್ತದೆ ಅಂತ ಕ್ಷಣಕ್ಷಣಕ್ಕೂ ಲೆಕ್ಕ ಮಾಡುತ್ತದೆ. ಹಾಗಾಗಿ ಅಳತೆ ಸರಿ ಕೊಟ್ಟರೆ ವಿಮಾನ ತನ್ನ ಗುಣವನ್ನು ತಾನೇ ತೋರಿಸುತ್ತದೆ. ಈ ಭಾಗ ನನಗೆ ಖುಷಿ ಕೊಟ್ಟಿತು. ಅಳತೆ ಯಾರ ಸೊತ್ತೂ ಅಲ್ಲ ನೋಡಿ. ಅದು ವಿಮಾನದ್ದೇ.

ತೊಂದರೆ ಶುರುವಾದದ್ದು ಮೈಗೆ ಬಣ್ಣ ಹಚ್ಚುವಾಗ.

ಬ್ಲೆಂಡರ್ ಅನ್ನುವ ಮೂರು ಆಯಾಮದ ತಂತ್ರಾಂಶದಲ್ಲಿ ವಿಮಾನದ ಆಕಾರ ಮಾಡಿದ ಮೇಲೆ ಅದರ ಚರ್ಮ ಸುಲಿದು ಚಪ್ಪಟೆಯಾಗಿ ಹರಡಬೇಕು. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ ಇರುತ್ತಲ್ಲ, ಅದನ್ನು ಹರಿಯದಂತೆ ಬಿಡಿಸಿ ಮೇಜಿನ ಮೇಲೆ ಒತ್ತಿ ಹರಡಿದ ಹಾಗೆ. ಆ ಚಪ್ಪಟೆ ಸಿಪ್ಪೆಯ ಮೇಲೆ ಚಿತ್ರ ಬರೆದರೆ ಅದು ಮತ್ತೆ ದುಂಡಗಿನ ವಿಮಾನಕ್ಕೆ ಸುತ್ತಿಕೊಳ್ಳುತ್ತದೆ. ಈ ಚಿತ್ರಕ್ಕೆ ಟೆಕ್ಸ್‌ಚರ್ ಅನ್ನುತ್ತಾರೆ. ನನ್ನದು ಉದ್ದಗಲ 4096 ಚುಕ್ಕಿಯದ್ದು, ಅಂದರೆ ಪಿಕ್ಸೆಲ್. ಲೋಹದ ಹಾಳೆಗಳ ಜೋಡಣೆಯ ಗೆರೆ, ಅವನ್ನು ಹಿಡಿದಿಡುವ ರಿವೆಟ್ ಮೊಳೆಗಳ ಸಾಲು, ಲೋಹದ ಮಬ್ಬು, ಗೀರು, ಮಸಿ ಎಲ್ಲ ಅದರಲ್ಲಿ ಬರಬೇಕು. ಒಂದೊಂದನ್ನೂ ಕೈಯಲ್ಲಿ ಬರೆಯಲು ತಿಂಗಳುಗಟ್ಟಲೆ ಬೇಕು. ಒಳ್ಳೆಯ ಫೋಟೋ ಸಿಕ್ಕಿದರೆ ಒಂದು ರಾತ್ರಿ ಸಾಕು. ಕತ್ತರಿಸಿ, ಎಳೆದು ಸರಿಮಾಡಿ, ಅಂಟಿಸಿಬಿಡಬಹುದು.

ನನಗೆ ಒಳ್ಳೆಯ ಫೋಟೋ ಸಿಕ್ಕಿತು. ಇಂಗ್ಲೆಂಡಿನ ಒಂದು ಬಯಲು ಸಂಗ್ರಹಾಲಯದಲ್ಲಿ ನಿಂತ ಮಿಸ್ಟೇರಿನದ್ದು, 11 ಫೋಟೋ. ಫ್ರಾನ್ಸಿನ ವಿಮಾನ ಇಂಗ್ಲೆಂಡಿಗೆ ಯಾಕೆ ಬಂತು ಅಂದರೆ, ಫ್ರಾನ್ಸ್ ಕೊಂಡ ಮಿಸ್ಟೇರ್‌ಗಳಲ್ಲಿ ಒಂದಷ್ಟಕ್ಕೆ ಅಮೆರಿಕ ದುಡ್ಡು ಕೊಟ್ಟಿತ್ತು. ಸೇವೆ ಮುಗಿದ ಮೇಲೆ ಅಂಥವು ಕೆಲವು ಬ್ರಿಟನ್ನಿನ ಸಂಗ್ರಹಾಲಯಗಳನ್ನು ಸೇರಿದವು. ಈ 11 ಫೋಟೋಗಳಲ್ಲಿ ಒಂದೊಂದು ರಿವೆಟ್ ಎಣಿಸಬಹುದಿತ್ತು. ತೆಗೆದವರು ವಿಮಾನಕ್ಕೆ ಸರಿಯಾಗಿ ಅಡ್ಡ ನಿಂತು, ಮೂತಿಯಿಂದ ಬಾಲದವರೆಗೆ ತುಂಡು ತುಂಡಾಗಿ ಒಂದೇ ದೂರದಿಂದ ತೆಗೆದಿದ್ದರು. ನನಗೋಸ್ಕರವೇ ತೆಗೆದ ಹಾಗಿತ್ತು. ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅವರ ಹೆಸರಿತ್ತು. ಆ ಮೂಲೆಯಲ್ಲಿ ಇದ್ದದ್ದು ಬರೀ ಹುಲ್ಲು. ನನಗೆ ಬೇಕಿರಲಿಲ್ಲ, ಕತ್ತರಿಸಿದೆ. ಒಬ್ಬರ ಹೆಸರನ್ನು ಅಳಿಸುತ್ತಿದ್ದೇನೆ ಅಂತ ಆಗ ಅನ್ನಿಸಲಿಲ್ಲ. ಹುಲ್ಲು ಕತ್ತರಿಸುತ್ತಿದ್ದೇನೆ ಅನ್ನಿಸಿತು.

ಫ್ರಾನ್ಸಿನ ಗುರುತು ಇದ್ದ ಕಡೆ ನಮ್ಮ ಕೇಸರಿ ಬಿಳಿ ಹಸಿರಿನ ವೃತ್ತ ಹಾಕಿದೆ. ಬಾಲಕ್ಕೆ ತ್ರಿವರ್ಣ ಪಟ್ಟಿ. ಸೆಪ್ಟೆಂಬರ್ 7ರಂದು ಎಲ್ಲರಿಗೂ ಉಚಿತವಾಗಿ ಬಿಟ್ಟೆ. ಜನ ಇಷ್ಟಪಟ್ಟರು. ಲೋಹ ಎಷ್ಟು ನಿಜ ಕಾಣುತ್ತದೆ ಅಂತ ಹೊಗಳಿದರು. ಆ ಹೊಗಳಿಕೆಯನ್ನು ನಾನು ತಗೊಂಡೆ.

ಮೂರು ವಾರಕ್ಕೆ ಪತ್ರ ಬಂತು. ಇಂಗ್ಲಿಷಿನಲ್ಲಿ, ಎಂಟೋ ಹತ್ತೋ ಸಾಲು. ಸಿಟ್ಟಿನ ಪತ್ರ ಅಲ್ಲ. ನಿಮ್ಮ ವಿಮಾನ ನೋಡಿದೆ, ಕೆಲಸ ಶ್ರದ್ಧೆಯಿಂದ ಮಾಡಿದ್ದೀರಿ, ಆದರೆ ಅದರ ಮೈಮೇಲೆ ಇರುವುದು ನನ್ನ ಫೋಟೋಗಳು, ನೀವು ನನ್ನನ್ನು ಕೇಳಿಲ್ಲ ಅಂತ ಬರೆದಿದ್ದರು. ಕೊನೆಯ ಸಾಲು ಹೀಗಿತ್ತು: ಬಲಗಡೆ ಹಿಂಬದಿಯ ಬೂದು ಕಲೆಯನ್ನು ಸರಿಯಾಗಿ ನೋಡಿ, ಅದು ನಾನು.

ರಾತ್ರಿ ಹತ್ತು ಗಂಟೆ. ಸಿಮ್ಯುಲೇಟರ್ ತೆರೆದೆ. ವಿಮಾನವನ್ನು ಮೈಸೂರಿನ ಮಂಡಕಳ್ಳಿ ನಿಲ್ದಾಣದಲ್ಲಿ ನಿಲ್ಲಿಸಿ ಬಲಗಡೆಯಿಂದ ಹತ್ತಿರ ಹೋದೆ. ಸಿಮ್ಯುಲೇಟರಿನಲ್ಲಿ ಹೊತ್ತನ್ನು ನಾವೇ ತಿರುಗಿಸಬಹುದು. ಬೆಳಗ್ಗೆ ಏಳಕ್ಕೆ ಇಟ್ಟು ನಿಧಾನಕ್ಕೆ ಮುಂದೆ ಎಳೆದೆ. ರೆಕ್ಕೆಯ ನೆರಳು ಚಿಕ್ಕದಾಯಿತು, ಹೊಟ್ಟೆಯ ಕೆಳಗೆ ಸೇರಿತು, ಮತ್ತೆ ಆ ಕಡೆಗೆ ಉದ್ದವಾಯಿತು. ಬಾಲದ ನೆರಳು ಗಡಿಯಾರದ ಮುಳ್ಳಿನ ಹಾಗೆ ಸುತ್ತಿತು. ಬೂದು ಕಲೆ ಮಾತ್ರ ಅಲ್ಲೇ ಇತ್ತು. ಅದಕ್ಕೆ ಈ ಸೂರ್ಯನ ಸಂಬಂಧವೇ ಇಲ್ಲ. ಅದು ಬೇರೆ ದಿನದ, ಬೇರೆ ದೇಶದ ಸೂರ್ಯನಿಂದ ಬಿದ್ದದ್ದು. ಆಗ ಕಂಡಿತು. ಮೇಲೆ ದುಂಡಗಿನದು ಟೋಪಿ. ಅದರ ಪಕ್ಕ ಚೂಪಾಗಿ ಹೊರಗೆ ಬಂದದ್ದು ಮೊಣಕೈ, ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಾಗ ಮೇಲೇಳುವ ಮೊಣಕೈ. ಅದರ ಕೆಳಗೆ ಹೆಗಲು. ಒಬ್ಬರು ನಿಂತಿದ್ದಾರೆ. ನನ್ನ ವಿಮಾನದ ಮೇಲೆ, ನಮ್ಮ ಮೂರು ಬಣ್ಣದ ವೃತ್ತದ ಪಕ್ಕದಲ್ಲೇ.

ಮೈ ಜುಮ್ಮೆಂದಿತು. ಇಷ್ಟು ದಿನ ಅದು ಬರೀ ಚಿತ್ರ. ಈಗ ಅಲ್ಲಿ ಒಬ್ಬ ವಯಸ್ಸಾದ ಮನುಷ್ಯ ಬಿಸಿಲಲ್ಲಿ ನಿಂತಿದ್ದರು.

ಅವತ್ತೇ ರಾತ್ರಿ ಆ್ಯಡ್-ಆನ್ ತೆಗೆದುಹಾಕಿದೆ. ಪತ್ರಕ್ಕೆ ಉತ್ತರ ಬರೆಯಲು ಮಾತ್ರ ಮೂರು ದಿನ ಬೇಕಾಯಿತು. ಕುಶಾಲನಗರದ ನನ್ನ ಗೆಳೆಯ, ಅವನೂ ಸಿಮ್ಯುಲೇಟರ್ ಹುಚ್ಚಿನವನೇ, ಫೋನಿನಲ್ಲಿ ಹೇಳಿದ: "ನೀನು ಫ್ರೀಯಾಗಿ ಕೊಟ್ಟಿದ್ದೀಯಲ್ಲ ಮಾರಾಯ, ದುಡ್ಡು ಮಾಡಿದ್ದೀಯಾ? ಹೆಸರು ಹಾಕಿ ಥ್ಯಾಂಕ್ಸ್ ಅಂತ ಬರಿ, ಮುಗೀತು." ಆ ಮೂರು ದಿನ ನನ್ನ ಮನಸ್ಸೂ ಇದನ್ನೇ ಹೇಳುತ್ತಿತ್ತು. ಫ್ರೀ, ದೇವಯ್ಯನವರಿಗೆ ಗೌರವ, ದೇಶದ ಕೆಲಸ. ಇವೆಲ್ಲ ನನ್ನ ಕಾರಣಗಳು. ಅವರ ಫೋಟೋಗೆ ನನ್ನ ಕಾರಣ ಹೇಗೆ ಸಾಲುತ್ತದೆ?

ಕಾನೂನು ಏನು ಹೇಳುತ್ತದೆ ಅಂತ ಕೂತು ಓದಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಫೋಟೋ ತೆಗೆದವರೇ ಅದರ ಮೊದಲ ಒಡೆಯರು. ನೋಂದಣಿ ಮಾಡಿಸಬೇಕು ಅಂತಿಲ್ಲ, ಮೂಲೆಯಲ್ಲಿ ಹೆಸರು ಬರೆಯಬೇಕು ಅಂತಲೂ ಇಲ್ಲ, ತೆಗೆದ ಕ್ಷಣದಿಂದಲೇ ಹಕ್ಕು ಇದೆ. ಮೊದಲು ಪ್ರಕಟವಾದ ಮೇಲೆ 60 ವರ್ಷ ಅಂತಿತ್ತು. 2012ರ ತಿದ್ದುಪಡಿ ಆದಮೇಲೆ ತೆಗೆದವರು ಬದುಕಿರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ. ಬೇರೆ ದೇಶದವರ ಫೋಟೋ ಅಂತ ನುಣುಚಿಕೊಳ್ಳುವ ಹಾಗೂ ಇಲ್ಲ. ಒಂದು ದೇಶದವರ ಕೃತಿಯ ಹಕ್ಕನ್ನು ಇನ್ನೊಂದು ದೇಶವೂ ಕಾಯುವ ಬರ್ನ್ ಒಪ್ಪಂದದಲ್ಲಿ ಭಾರತ 1928ರಿಂದ ಇದೆ. ಮನೆಯಲ್ಲಿ ಸ್ವಂತಕ್ಕೆ, ಕಲಿಯಲಿಕ್ಕೆ ಬಳಸಿದರೆ 52ನೇ ವಿಧಿಯಲ್ಲಿ ಸ್ವಲ್ಪ ಜಾಗ ಇದೆ. ನಾನು ಮಾಡಿದ್ದು ಹಂಚಿಕೆ. ಉಚಿತವೋ ದುಡ್ಡಿಗೋ, ಹಂಚಿದರೆ ಹಂಚಿದಂತೆಯೇ. ಹೆಸರು ಹಾಕಿದರೆ ಸಾಕು ಅನ್ನುವುದೂ ತಪ್ಪು. ಹೆಸರು ಹಾಕುವುದು ಬೇರೆ, ಕೇಳುವುದು ಬೇರೆ, ಎರಡೂ ಬೇಕು.

ಇನ್ನೊಂದು ವಿಷಯ ಓದುತ್ತಾ ನಿಚ್ಚಳವಾಯಿತು. ಇದು ಆ್ಯಡ್-ಆನ್ ಮಾಡುವ ಎಲ್ಲರಿಗೂ ಬೇಕಾದದ್ದು. ಫೋಟೋ ನೋಡಿ ಕಲಿಯಬಹುದು. ರಿವೆಟ್ ಎಲ್ಲಿದೆ, ಬಾಗಿಲಿನ ಅಂಚು ಎಷ್ಟು ದುಂಡಗಿದೆ, ಮಸಿ ಯಾವ ಕಡೆ ಹರಡಿದೆ ಅನ್ನುವುದು ವಿಮಾನದ ಸಂಗತಿ. ಅದರ ಮೇಲೆ ಫೋಟೋ ತೆಗೆದವರಿಗೆ ಹಕ್ಕಿಲ್ಲ. ಆದರೆ ಆ ಬೆಳಕು, ಆ ಕೋನ, ಆ ಹೊತ್ತು, ಆ ಚುಕ್ಕಿಗಳು ಅವರವು. ನೋಡಿ ಬರೆದರೆ ನನ್ನ ಕೆಲಸ. ಕತ್ತರಿಸಿ ಅಂಟಿಸಿದರೆ ಅವರದು.

ಎಲ್ಲವನ್ನೂ ಬಿಚ್ಚಿ ಬರೆದೆ. ಕೇಳದೆ ತಗೊಂಡೆ, ನಿಮ್ಮ ಹೆಸರಿದ್ದ ಮೂಲೆಯನ್ನು ಕತ್ತರಿಸಿದೆ, ತಪ್ಪಾಯಿತು, ಆ್ಯಡ್-ಆನ್ ತೆಗೆದಿದ್ದೇನೆ. ಈಗ ಕೇಳುತ್ತಿದ್ದೇನೆ, ಕೊಡುತ್ತೀರಾ? ದೇವಯ್ಯನವರ ಕತೆಯನ್ನೂ ಬರೆದೆ. ಆ ಕತೆ ಕೇಳಿದರೆ ಕೊಟ್ಟೇ ಕೊಡುತ್ತಾರೆ ಅಂತ ಒಳಗೊಳಗೇ ನಂಬಿದ್ದೆ.

ಅವರು ಕೊಡಲಿಲ್ಲ. ಅದೇ ಫೋಟೋಗಳನ್ನು ಪ್ಲಾಸ್ಟಿಕ್ ಮಾಡೆಲ್ ಕಿಟ್ ಮಾಡುವವರಿಗೆ ದುಡ್ಡಿಗೆ ಕೊಟ್ಟಿದ್ದರಂತೆ. ಒಬ್ಬರು ದುಡ್ಡು ಕೊಟ್ಟು ಬಳಸುವಾಗ ಇನ್ನೊಬ್ಬರಿಗೆ ಸುಮ್ನೆ ಹಂಚಲು ಬಿಟ್ಟರೆ ಅವರಿಗೆ ಮೋಸ ಮಾಡಿದ ಹಾಗೆ ಅಂದರು. ನ್ಯಾಯವಾದ ಮಾತು. ಆದರೆ ನೋಡಿ ಬರೆಯಲು ಅಡ್ಡಿಯಿಲ್ಲ ಅಂತ ಹೇಳಿ, ಎಲ್ಲೂ ಹಾಕದ ಆರು ಫೋಟೋ ಕಳಿಸಿದರು. ಚಕ್ರ ಒಳಸೇರುವ ಗೂಡಿನದ್ದು, ಬಾಲದ ಕೆಳಭಾಗದ್ದು. ದೇವಯ್ಯನವರ ಬಗ್ಗೆ ಒಂದು ಸಾಲು ಬರೆದಿದ್ದರು, ಇನ್ನು ಆ ವಿಮಾನದ ಎದುರು ನಿಂತಾಗ ನೆನಪಾಗುತ್ತಾರೆ ಅಂತ.

ತುಲಾ ಸಂಕ್ರಮಣ ಕಳೆದ ವಾರ ವಿರಾಜಪೇಟೆಗೆ ಸೋದರಮಾವನ ಮನೆಗೆ ಹೋದೆ. ಮಾವ ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು. ನೆಗೆಟಿವ್‌ಗಳೆಲ್ಲ ಇನ್ನೂ ಒಂದು ಬೀರುವಿನಲ್ಲಿವೆ. ಆ ಬೀರುವಿನೊಳಗೆ ಒಂದು 40 ವ್ಯಾಟಿನ ಬಲ್ಬ್ ಹಗಲೂ ರಾತ್ರಿ ಉರಿಯುತ್ತಿರುತ್ತದೆ. ನಮ್ಮ ಮಳೆಗೆ ಲೆನ್ಸಿಗೂ ನೆಗೆಟಿವಿಗೂ ಬೂಷ್ಟು ಹಿಡಿಯುತ್ತದಲ್ಲ, ಅದಕ್ಕೆ. ಬಾಗಿಲು ತೆಗೆದರೆ ಬೆಚ್ಚನೆಯ ಗಾಳಿ ಮುಖಕ್ಕೆ ಬರುತ್ತದೆ, ಜೊತೆಗೆ ಹಳೇ ಹುಳಿ ವಾಸನೆ.

ನಡೆದದ್ದನ್ನು ಹೇಳಿದೆ. ಮಾವ ಪೂರ್ತಿ ಕೇಳಿದರು, ಬೈಯಲಿಲ್ಲ.

"ನೆರಳು ಬಿದ್ದಿತ್ತು ಅಂದ್ಯಲ್ಲ, ಹಾಗಾದ್ರೆ ಸೂರ್ಯ ಅವರ ಬೆನ್ನ ಹಿಂದೆ, ಕೆಳಗೆ ಇದ್ದ," ಅಂದರು. "ಬೆಳಗ್ಗೆ ಬೇಗ ಹೋಗಿದ್ದಾರೆ. ಇಲ್ಲಾಂದ್ರೆ ಸಂಜೆ ಎಲ್ಲರೂ ಹೊರಡೋವರೆಗೆ ಕಾದಿದ್ದಾರೆ. ಫೋಟೋದಲ್ಲಿ ಬೇರೆ ಜನ ಇದ್ರಾ?"

"ಇಲ್ಲ ಮಾವ, ಒಬ್ಬರೂ ಇಲ್ಲ."

"ಮತ್ತೆ? ಅದು ಸುಮ್ನೆ ಬರಲ್ಲ ಮಗಾ. ಕಾಯ್ಬೇಕು."

ಆಮೇಲೆ ಬೀರುವಿನ ಕೆಳಗಿನ ಅರೆಯಿಂದ ಒಂದು ಉದ್ದ ಪುಸ್ತಕ ತೆಗೆದರು. ಅಂಗಡಿ ಲೆಕ್ಕದ ಪುಸ್ತಕ, ಬೈಂಡು ಬಿಚ್ಚಿಕೊಂಡು ನೂಲಿನಲ್ಲಿ ಕಟ್ಟಿದ್ದು. ಒಂದೊಂದು ನೆಗೆಟಿವಿಗೂ ಒಂದು ಸಾಲು. ನಂಬರು, ತಾರೀಕು, ಏನು ಫೋಟೋ, ಯಾರಿಗೆ ಎಷ್ಟು ಪ್ರಿಂಟ್ ಕೊಟ್ಟದ್ದು. ಕೆಲವು ಸಾಲು ನೀಲಿ ಶಾಯಿ, ಕೆಲವು ಕೆಂಪು.

"ನೀಲಿ ಅಂದ್ರೆ ಗಿರಾಕಿದು," ಅಂದರು. "ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೋ. ದುಡ್ಡು ಕೊಟ್ಟು ತೆಗೆಸಿದ್ದು, ಅದು ಅವರದ್ದು. ಅವರನ್ನ ಕೇಳದೆ ನಾನು ಶೋಕೇಸಿಗೂ ಹಾಕ್ತಾ ಇರಲಿಲ್ಲ. ಕೆಂಪು ನಂದು. ತಲಕಾವೇರಿ, ಇರ್ಪು ಜಲಪಾತ, ಕಾಫಿ ಹೂ. ಅದನ್ನ ಯಾರಾದ್ರೂ ಕೇಳಿದ್ರೆ ಕೊಡೋದೋ ಬಿಡೋದೋ ನನ್ನಿಷ್ಟ."

ನಾನು ಮೂರು ದಿನ ಕೂತು ಓದಿದ ಕಾಯ್ದೆಯ 17ನೇ ವಿಧಿ ಅದೇ. ತೆಗೆದವರೇ ಒಡೆಯರು, ಆದರೆ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋ, ಬೇರೆ ಮಾತಾಗದಿದ್ದರೆ, ತೆಗೆಸಿದವರದ್ದು. ಮಾವ ಕಾಯ್ದೆ ಓದಿರಲಿಲ್ಲ. ಎರಡು ಪೆನ್ನು ಇಟ್ಟುಕೊಂಡಿದ್ದರು.

ಕೆಂಪು ಸಾಲುಗಳಲ್ಲಿ ಒಂದರ ಮುಂದೆ "ಕೇಳಿಲ್ಲ" ಅಂತ ಮಾತ್ರ ಬರೆದಿತ್ತು. ಕಾಫಿ ಹೂವಿನ ಫೋಟೋ. ಯಾರೋ ಕ್ಯಾಲೆಂಡರಿಗೆ ಹಾಕಿಕೊಂಡಿದ್ದರಂತೆ. ಯಾರು ಅಂತ ನಾನು ಕೇಳಿದೆ, ಮಾವ ಹೇಳಲಿಲ್ಲ. "ಈಗ ಯಾಕೆ ಅದು" ಅಂದು ಪುಟ ತಿರುಗಿಸಿದರು. ಆದರೆ ಅಳಿಸಿರಲಿಲ್ಲ ಅಲ್ವಾ. ಅಷ್ಟು ವರ್ಷ ಆ ಒಂದು ಪದ ಪುಸ್ತಕದಲ್ಲಿ ಕೂತಿತ್ತು.

ಮನೆಗೆ ಬಂದು ನಾನೂ ಒಂದು ಪುಸ್ತಕ ಶುರು ಮಾಡಿದೆ. ನನ್ನ ವಿಮಾನದ ಮೇಲಿನ ಪ್ರತಿಯೊಂದು ಚಿತ್ರಕ್ಕೂ ಒಂದು ಸಾಲು: ಎಲ್ಲಿಂದ ಬಂತು, ಯಾರದು, ಯಾವ ಷರತ್ತು, ಕೇಳಿದ ದಿನ, ಉತ್ತರ ಬಂದ ದಿನ. ಬರೆಯುತ್ತಾ ಹೋದಂತೆ ಗಾಬರಿಯಾಯಿತು. ಮೈಯ ಫೋಟೋ ಒಂದೇ ಅಲ್ಲ. ಕಾಕ್‌ಪಿಟ್ಟಿನ ಡಯಲ್‌ಗಳು ಯಾರೋ ತೆಗೆದ ಫೋಟೋದಿಂದ ಬಂದಿದ್ದವು. ಸೀಟಿನ ಬಟ್ಟೆ ಇನ್ನೊಬ್ಬರದ್ದು. ಟೈರಿನ ರಬ್ಬರ್ ಒಂದು ಉಚಿತ ಸಂಗ್ರಹದ್ದು. ಉಚಿತ ಅಂತ ಬರೆದಿದ್ದರೂ ಷರತ್ತು ಇತ್ತು, ನಾನು ಓದಿರಲಿಲ್ಲ.

ಈ ಉಚಿತ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಕ್ರಿಯೇಟಿವ್ ಕಾಮನ್ಸ್ ಅಂತ ಪರವಾನಗಿಗಳಿವೆ. ಕೆಲವಕ್ಕೆ ಹೆಸರು ಹಾಕಿದರೆ ಸಾಕು. ಕೆಲವಕ್ಕೆ ನೀವು ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ಕೆಲವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಕೆಲವನ್ನು ಬದಲಿಸಿ ಹಂಚುವಂತಿಲ್ಲ. ಈ ಕೊನೆಯದು ನಮಗೆ ಕೆಲಸಕ್ಕೇ ಬರುವುದಿಲ್ಲ, ಯಾಕೆಂದರೆ ಟೆಕ್ಸ್‌ಚರ್ ಮಾಡುವುದು ಅಂದರೇ ಬದಲಿಸುವುದು. ಫ್ಲೈಟ್‌ಗಿಯರಿಗೆ ವಿಮಾನ ಮಾಡುವವರು ಇನ್ನೂ ಹುಷಾರಾಗಿರಬೇಕು. ಅದರ ಮುಖ್ಯ ಭಂಡಾರದ ವಿಮಾನಗಳು ಜಿಪಿಎಲ್ ಪರವಾನಗಿಯಲ್ಲಿವೆ, ಅಂದರೆ ಮುಂದೆ ಯಾರು ಬೇಕಾದರೂ ಬದಲಿಸಬಹುದು, ಮಾರಲೂಬಹುದು. ವ್ಯಾಪಾರ ಬೇಡ ಅಂದವರ ಫೋಟೋ ಅದರೊಳಗೆ ಸೇರಿಸುವ ಹಾಗಿಲ್ಲ. ಇನ್ನೊಬ್ಬರು ಮಾಡಿದ ವಿಮಾನಕ್ಕೆ ಹೊಸ ಬಣ್ಣ ಹಚ್ಚಿ ಹಂಚುವವರೂ ಅಷ್ಟೇ. ಆ ಬಣ್ಣದ ಕೆಳಗಿನ ರಿವೆಟ್ಟು, ಗೆರೆಗಳು ಮೂಲ ಮಾಡಿದವರ ದುಡಿಮೆ.

ಆಮೇಲೆ ಮೈಯನ್ನು ಮೊದಲಿಂದ ಮಾಡಲು ಕೂತೆ. ಬಣ್ಣ ಬಳಿಯದ ಲೋಹದ ಮೈ, ಅದು ತುಂಬಾ ಕಷ್ಟ. ಬಣ್ಣವಾದರೆ ಬಣ್ಣ, ಲೋಹ ಹಾಗಲ್ಲ. ನೋಡುವ ಕಡೆ ಬದಲಾದ ಹಾಗೆ ಅದೂ ಬದಲಾಗುತ್ತದೆ. ಹೊಸ ಸಿಮ್ಯುಲೇಟರ್‌ಗಳಲ್ಲಿ ಬೆಳಕನ್ನು ಸಿಮ್ಯುಲೇಟರೇ ಹಾಕುತ್ತದೆ. ನಾವು ಕೊಡಬೇಕಾದದ್ದು ಬೆಳಕಿಲ್ಲದ ಬರೀ ಬಣ್ಣ, ಎಲ್ಲಿ ನುಣುಪು, ಎಲ್ಲಿ ಒರಟು, ಎಷ್ಟು ಲೋಹ ಅನ್ನುವ ಮಾಹಿತಿ, ಉಬ್ಬುತಗ್ಗು. ಬಿಸಿಲಿನ ಫೋಟೋ ಅಂಟಿಸಿದರೆ ಆ ಬಿಸಿಲು ಮೈಯೊಳಗೆ ಇಂಗಿಬಿಡುತ್ತದೆ, ನೆರಳೂ ಅದರ ಜೊತೆಗೆ. ಅಂದರೆ ನಾನು ಕದ್ದು ಅಂಟಿಸಿದ ಕೆಲಸ ಕೆಲಸವಾಗಿಯೂ ಸರಿ ಇರಲಿಲ್ಲ. ಲೋಹ ನಿಜ ಕಾಣುತ್ತದೆ ಅಂತ ಹೊಗಳಿದವರು ನೋಡಿದ್ದು ಆ ದಿನದ ಬಿಸಿಲನ್ನು.

ಹಳೆಯ ಅಲ್ಯೂಮಿನಿಯಂ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡಬೇಕಿತ್ತು. ಅದಕ್ಕೆ ದೂರ ಹೋಗಬೇಕಾಗಿರಲಿಲ್ಲ. ಕಾಫಿ ತೋಟದವರಿಗೆ ಗೊತ್ತು, ಫೆಬ್ರವರಿ ಮಾರ್ಚಿನಲ್ಲಿ ಹೂ ಮಳೆ ಬಾರದಿದ್ದರೆ ಸ್ಪ್ರಿಂಕ್ಲರಿನಲ್ಲಿ ನೀರು ಹೊಡೆಯುತ್ತೇವೆ. ಅದರ ಹಳೆಯ ಪೈಪುಗಳೆಲ್ಲ ಅಲ್ಯೂಮಿನಿಯಂ. ನಮ್ಮಲ್ಲಿ ಇದ್ದದ್ದು ಕಮ್ಮಿ. ಪಕ್ಕದ ತೋಟದ ಕೊಟ್ಟಿಗೆಯಲ್ಲಿ ನೂರಾರು ಪೈಪು ಪೇರಿಸಿಟ್ಟಿದ್ದರು. ಅಲ್ಲಿನ ಅಣ್ಣನ ಹತ್ತಿರ ಹೋಗಿ, ನಿಮ್ಮ ಪೈಪಿನ ಫೋಟೋ ತೆಗೆದು ಕಂಪ್ಯೂಟರ್ ವಿಮಾನಕ್ಕೆ ಹಾಕಿ ಎಲ್ಲರಿಗೂ ಹಂಚಬಹುದಾ ಅಂತ ಕೇಳಿದೆ.

"ಪೈಪಿನ ಫೋಟೋಗೂ ಕೇಳ್ತೀಯಾ? ತೆಗಿ ತೆಗಿ. ಜೀಪ್ ಆಚೆ ಇಡ್ಲಾ?" ಅಂದರು.

ಮೋಡ ಕವಿದ ದಿನ ನೋಡಿ ಹೋದೆ. ಟೆಕ್ಸ್‌ಚರಿಗೆ ಬೇಕಾದದ್ದು ನೆರಳೇ ಬೀಳದ ಬೆಳಕು, ಅದು ನಮ್ಮ ಕೊಡಗಿನಲ್ಲಿ ಬೇಕಾದಷ್ಟಿದೆ. ಪೈಪುಗಳನ್ನು ಅಂಗಳಕ್ಕೆ ಎಳೆದು ಒಂದೊಂದಾಗಿ ತೆಗೆದೆ. ಇಪ್ಪತ್ತು ವರ್ಷ ಮಣ್ಣು, ನೀರು, ಬಿಸಿಲು ಕಂಡ ಲೋಹ. ದೂರದಿಂದ ಬೂದಿ ಬಣ್ಣ. ಹತ್ತಿರದಿಂದ ನೋಡಿದರೆ ಮೂರು ನಾಲ್ಕು ಬೂದಿ ಬಣ್ಣ. ಕೈ ಹಿಡಿದು ಹೊತ್ತ ಮಧ್ಯಭಾಗ ನುಣುಪಾಗಿ ಹೊಳೆಯುತ್ತದೆ. ಜೋಡಿಸುವ ಕೊಂಡಿಯ ಹತ್ತಿರ ಬಿಳಿ ಪುಡಿ ಕಟ್ಟಿರುತ್ತದೆ. ನೆಲಕ್ಕೆ ತಾಗಿದ ಕಡೆ ಸಣ್ಣ ಸಣ್ಣ ಕಪ್ಪು ಚುಕ್ಕಿ. ಎಳೆದ ಗೀರುಗಳೆಲ್ಲ ಉದ್ದಕ್ಕೆ, ಒಂದೇ ದಿಕ್ಕಿಗೆ. ವಿಮಾನದಲ್ಲೂ ಹಾಗೇ ತಾನೇ? ಮೆಕ್ಯಾನಿಕ್ ಕೈ ಊರುವ ಜಾಗ ಒಂದು ತರ, ಗಾಳಿ ಉಜ್ಜುವ ಜಾಗ ಇನ್ನೊಂದು ತರ. ಇಂಗ್ಲೆಂಡಿನವರ ಫೋಟೋ ಪಕ್ಕದಲ್ಲಿ ತೆರೆದಿಟ್ಟು, ರಿವೆಟ್ ಎಲ್ಲೆಲ್ಲಿದೆ ಅಂತ ಅದರಲ್ಲಿ ನೋಡಿಕೊಂಡು, ಲೋಹವನ್ನು ಪೈಪಿನಿಂದ ಕಲಿತು ಬರೆದೆ. ಜನವರಿವರೆಗೆ ಹೋಯಿತು. ಒಂದು ರಾತ್ರಿಯ ಕೆಲಸಕ್ಕೆ ಮೂರು ತಿಂಗಳು.

ವಿಮಾನ ತೆರೆಯುವಾಗ ಕಾಣುವ ಚಿತ್ರಕ್ಕೆ ದೇವಯ್ಯನವರ ಫೋಟೋ ಹಾಕಬೇಕು ಅಂತಿತ್ತು. ಎಲ್ಲ ಕಡೆ ಓಡಾಡುವ ಒಂದು ಹಳೆಯ ಫೋಟೋ ಇದೆ. ಅದನ್ನು ಮುಟ್ಟಲಿಲ್ಲ. ಮಡಿಕೇರಿಯಲ್ಲಿ ಖಾಸಗಿ ಬಸ್ ನಿಲ್ದಾಣದ ಬಳಿ ಅವರ ಹೆಸರಿನ ವೃತ್ತ ಇದೆ, ಪ್ರತಿಮೆ ಇದೆ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಪ್ರತಿಮೆಯ ಫೋಟೋ ತೆಗೆದು ಪ್ರಕಟಿಸಲು ನಮ್ಮ ಕಾಯ್ದೆಯ 52ನೇ ವಿಧಿಯಲ್ಲೇ ಅವಕಾಶ ಇದೆ. ಬೆಳಗ್ಗೆ ಮೊದಲ ಬಸ್ಸಿಗೆ ಹೋದೆ. ಮಂಜು ಇತ್ತು. ಮಂಜು ಹರಿಯಲು ಒಂದೂವರೆ ಗಂಟೆ ಕಾದೆ. ಹರಿಯುವ ಹೊತ್ತಿಗೆ ಬಸ್ಸುಗಳು ಬಂದು ಅಡ್ಡ ನಿಂತವು. ಮರುದಿನ ಮತ್ತೆ ಹೋದೆ. ಮೂರನೇ ದಿನ ಸಿಕ್ಕಿತು. ಮಾವ ಹೇಳಿದ "ಕಾಯ್ಬೇಕು" ಅನ್ನುವ ಮಾತು ಮೈಗೆ ಇಳಿದದ್ದು ಅಲ್ಲಿ. ಪುಸ್ತಕದಲ್ಲಿ ಆ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದೆ.

ಹೊಸ ಮಿಸ್ಟೇರನ್ನು ಮೊದಲು ಇಂಗ್ಲೆಂಡಿನವರಿಗೇ ಕಳಿಸಿದೆ. ಅವರು ಎರಡು ತಪ್ಪು ತೋರಿಸಿದರು. ಒಂದು ಮುಚ್ಚಳದ ಗೆರೆ ಒಂದು ಗೇಣು ಹಿಂದೆ ಹೋಗಿತ್ತು, ಇನ್ನೊಂದು ಕಡೆ ರಿವೆಟ್ಟಿನ ಸಾಲು ಎರಡಿರಬೇಕಿತ್ತು. ತಿದ್ದಿದೆ. ಮಂಡಕಳ್ಳಿಯಿಂದ ಎಬ್ಬಿಸಿ, ಹಾರಂಗಿ ನೀರಿನ ಮೇಲೆ ಬಂದು, ತಡಿಯಂಡಮೋಳಿನ 1748 ಮೀಟರಿನ ತುದಿಯನ್ನು ಎಡಕ್ಕೆ ಬಿಟ್ಟು ಒಂದು ಸುತ್ತು ಹಾಕಿದೆ. ಹೊತ್ತನ್ನು ಸಂಜೆಗೆ ಎಳೆದೆ. ಬಲ ಮಗ್ಗುಲು ಪೂರ್ತಿ ಬೆಳಗಿತು, ಆಮೇಲೆ ಪೂರ್ತಿ ಕಪ್ಪಾಯಿತು. ನಡುವೆ ಏನೂ ಉಳಿಯಲಿಲ್ಲ.

ಪುಸ್ತಕದಲ್ಲಿ ಈಗ 34 ಸಾಲು ಇವೆ. 33 ತುಂಬಿವೆ. ಉಳಿದದ್ದು ಕಾಕ್‌ಪಿಟ್ಟಿನ ಎಡಗಡೆಯ ಒಂದು ಸಣ್ಣ ಡಯಲಿನದ್ದು. ಅದರ ಮುಖದ ಮೇಲಿನ ಬರಹ ಸರಿಯಾಗಿ ಕಾಣುವ ಒಂದೇ ಫೋಟೋ ನನಗೆ ಸಿಕ್ಕಿರುವುದು. ತೆಗೆದವರಿಗೆ ಎರಡು ಸಲ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಕುಶಾಲನಗರದ ಗೆಳೆಯ ಹೊಸ ವಿಮಾನ ಹಾರಿಸಿ ನೋಡಿ ಫೋನ್ ಮಾಡಿದ. "ಎಲ್ಲ ಚೆನ್ನಾಗಿದೆ ಮಾರಾಯ, ಆದರೆ ಎಡಗಡೆ ಒಂದು ಡಯಲ್ ಬರೀ ಕಪ್ಪಗಿದೆಯಲ್ಲ, ಮರೆತೆಯಾ?"

"ಮರೆತಿಲ್ಲ," ಅಂದೆ. "ಕೇಳಿದ್ದೇನೆ. ಅವರು ಹೇಳುವವರೆಗೆ ಅದು ಹಾಗೇ ಇರಲಿ."